ಅಪ್ಪನಿಗಿಂತ ಮೊದಲು ಬಂದ ಪೆಟ್ಟಿಗೆ

ಅರವತ್ತೈದರ ಲಡಾಯಿ ಮುಗಿದಿತ್ತು, ಆದರೆ ಮಿಲಿಟರಿಯಲ್ಲಿದ್ದ ಅಪ್ಪನಿಂದ ಎರಡು ತಿಂಗಳಾದರೂ ಕಾಗದ ಇರಲಿಲ್ಲ. ಅವ್ವ ಮೊದಲೇ ಮಾತು ಕಡಿಮೆ. ವರ್ಷಕ್ಕೊಮ್ಮೆ ರಜೆಗೆ ಬರುವ ಗಂಡನನ್ನು ಕಟ್ಟಿಕೊಂಡು, ಉಳಿದ ದಿನವೆಲ್ಲ ಸುಮ್ಮನೆ ದುಡಿದವಳು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ. ಹದಿನೇಳಕ್ಕೆ ವಿಜಾಪುರ ಟೇಶನ್ನಿನಲ್ಲಿ ಹಮಾಲಿ. ಕ್ವಿಂಟಲ್ ಚೀಲ ಒಬ್ಬನೇ ಹೊರುತ್ತಿದ್ದೆ, ಯಾರ ಮುಂದೂ ಕೈ ಚಾಚಿದವನಲ್ಲ.

ಒಂದು ಮುಂಜಾನೆ ಗಾಡಿಯಿಂದ ಇಳಿದ ಸಾಮಾನಿನಲ್ಲಿ ಕರಿ ತಗಡಿನ ಪೆಟ್ಟಿಗೆ ಕಂಡಿತು. ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು. ಪಾರ್ಸಲ್ ಬಾಬು ಗುರುತಿನವರು, ಸಹಿ ಹಾಕಿಸಿಕೊಂಡು ಕೊಟ್ಟರು. ಅಪ್ಪ ಏನೋ ಕಳಿಸ್ಯಾನ ಎಂಬ ಹಿಗ್ಗಿನಲ್ಲಿ ತಲೆಯ ಮೇಲೆ ಹೊತ್ತು ಇಬ್ರಾಹಿಂಪುರದ ಮನೆಯ ತನಕ ನಡೆದೇ ಬಂದೆ.

ಅಂಗಳದಲ್ಲಿ ಜೋಳ ಹಸನ ಮಾಡುತ್ತಿದ್ದ ಅವ್ವ ತಲೆ ಎತ್ತಿದಳು. ಮೊರ ಕೈಯಿಂದ ಜಾರಿತು.

"ಒಳಗ ತರಬ್ಯಾಡ" ಅಂದಳು, ಅಷ್ಟೇ.

ಅವಳ ತವರು ಬಬಲೇಶ್ವರ. ಅಲ್ಲಿಂದ ಕನಮಡಿಗೆ ಕೊಟ್ಟ ಅವಳ ಗೆಳತಿಯ ಗಂಡನೂ ಮಿಲಿಟರಿಯವ. ಚೀನಾ ಲಡಾಯಿಯಲ್ಲಿ ಅವನು ತೀರಿಕೊಂಡಾಗ ಸಾವಿನ ಸುದ್ದಿಯ ತಾರು ಎಲ್ಲೋ ತಪ್ಪಿ, ಮನೆಗೆ ಮೊದಲು ಬಂದದ್ದು ಅವನ ಪೆಟ್ಟಿಗೆ. ಗೆಳತಿ ಸೀರೆ ಇರಬೇಕೆಂದು ತೆಗೆದರೆ ಮೇಲೆಯೇ ಅವನ ಬೂಟು. ಅದನ್ನು ಕಣ್ಣಾರೆ ನೋಡಿ ಬಂದಿದ್ದಳು ಅವ್ವ. ಪೆಟ್ಟಿಗೆಯಲ್ಲಿ ಬೂಟು ಇದ್ದರೆ ಮನುಷ್ಯ ಇಲ್ಲ ಎಂದು ಅವಳ ತಲೆಯಲ್ಲಿ ಕುಂತುಬಿಟ್ಟಿತ್ತು.

ಅಪ್ಪ ಬಿಟ್ಟುಹೋಗಿದ್ದ ಪೆಟ್ಟಿಗೆಯ ಎರಡನೇ ಕೀಲಿಕೈ ಅವಳ ತಾಳಿಯ ಪಿನ್ನಿಗೇ ಇತ್ತು. ತೆಗೆಯಲಿಲ್ಲ. ಪೆಟ್ಟಿಗೆ ಮೂರು ದಿನ ಕಟ್ಟೆಯ ಮೇಲೆ ಉಳಿಯಿತು. ಅದಕ್ಕೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು, ನನಗೆ ಬಡಿಸಿ ತಾನು ನೀರು ಕುಡಿದು ಏಳುತ್ತಿದ್ದಳು. ಅತ್ತರೆ ಖರೆ ಆದೀತೆಂದು ಅಳಲೂ ಇಲ್ಲ. ಬಳೆಗಾರನ ಕೂಗು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಟಿಕೋಟಾದ ಅಜ್ಜನಿಗೆ, ಅಪ್ಪನ ಅಪ್ಪನಿಗೆ, ಹೇಳಿ ಕಳಿಸುತ್ತೇನೆಂದರೆ ಬ್ಯಾಡ ಅಂದಳು. ಅಜ್ಜ ಬಂದರೆ ತೆಗೆಸಿಯೇ ಬಿಡುತ್ತಾನೆ.

ಯಾವಾಗಲೂ ಚಾಷ್ಟಿ ಮಾಡಿ ನಗಿಸುವ ಪಕ್ಕದ ಮನೆಯ ಖಾಲಾ, "ಗಂಡನ್ನ ಬಿಟ್ಟು ಪೆಟ್ಟಿಗಿ ಕಾಯಾಕತ್ತಿಯಲ್ಲಬೇ" ಅಂದು ನಕ್ಕಳು. ಅವ್ವನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

ನಾಲ್ಕನೇ ದಿನ ನಾನು ಕೆಲಸದಿಂದ ಬಂದಾಗ ಅವ್ವ ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟು, ಗೋಡೆಗೆ ಮುಖ ಮಾಡಿ ನಿಂತಳು.

"ನೀನ ತೆಗಿ, ಯಪ್ಪಾ. ಬೂಟ ಅದಾವೇನು, ಅಷ್ಟ ಹೇಳು."

ತೆಗೆದೆ. ಮೇಲೊಂದು ಕಂಬಳಿ. ಸರಿಸಿದೆ. ಪಾಲಿಶ್ ಮಾಡಿದ ಬೂಟು, ಲೇಸು ಒಳಗೆ ಮಡಚಿ ಇಟ್ಟದ್ದು. ಕಂಬಳಿ ಮತ್ತೆ ಮೇಲೆ ಎಳೆದೆ.

"ಇಲ್ಲಬೇ ಯವ್ವಾ" ಅಂದೆ. "ಕಂಬಳಿ, ಅಂಗಿ ಅದಾವ."

"ಖರೇನಾ?"

"ಖರೇನ."

ಅವಳು ತಿರುಗುವುದರೊಳಗೆ ಮುಚ್ಚಿ ಕೀಲಿ ಹಾಕಿದೆ. ಆ ಸಂಜೆ ಅವ್ವ ಎರಡು ರೊಟ್ಟಿ ತಿಂದಳು. ನನಗೆ ತುತ್ತು ಇಳಿಯಲಿಲ್ಲ. ಅಂದಿನಿಂದ ಅಂಜಿಕೆ ನನ್ನ ಪಾಲಿಗೆ ಬಂತು. ಟಪಾಲಿನವ ಓಣಿಗೆ ತಿರುಗಿದರೆ, ಕಾಗದ ಅವ್ವನ ಕೈಗೆ ಸಿಗಬಾರದೆಂದು ಎದುರಿಗೆ ಓಡುತ್ತಿದ್ದೆ. ಅವಳು ಹಾಡಿಕೊಳ್ಳುತ್ತ ಬೀಸುವುದು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಸುಳ್ಳು ಹೇಳಿ ನಗಿಸಿದ್ದೆ. ನಾಳೆ ಖರೆ ಗೊತ್ತಾದರೆ ಈ ಹೆಣ್ಣುಮಗಳು ಉಳಿಯಲಿಕ್ಕಿಲ್ಲ ಅನಿಸುತ್ತಿತ್ತು.

ಪೆಟ್ಟಿಗೆ ಬಂದ ಒಂಬತ್ತನೇ ದಿನ ಮಧ್ಯಾಹ್ನ ಅಪ್ಪ ಬಂದ. ನೌಕರಿ ಮುಗಿದಿತ್ತಂತೆ, ಸಾಮಾನು ಮುಂದಾಗಿ ಕಳಿಸಿದ್ದನಂತೆ. ಹಾಗೆಂದು ಬರೆದ ಕಾಗದ ಅವನು ಬಂದ ಮೂರು ದಿನದ ಮೇಲೆ ಬಂತು. ಅವ್ವ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಬೂಟಲ್ಲ, ಚಪ್ಪಲಿ. ಆಮೇಲೆ ನನ್ನನ್ನು ನೋಡಿದಳು. ಕಾಲಿಗೆ ನೀರು ತರಲು ಒಳಗೆ ಹೋದಳು.

ಉಂಡು ಅಪ್ಪ ಮಲಗಿದ. ನಾನು ಒಳಗೆ ಇಣುಕಿದಾಗ ಅವ್ವ ಅವನ ಪಕ್ಕ ಕುಂತು, ಮೂಗಿನ ಹತ್ತಿರ ಅಂಗೈ ಹಿಡಿದಿದ್ದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಉಸಿರ ಐತಬೇ" ಅಂದೆ ನಾನು, ಮೆಲ್ಲಗೆ.

"ನಿನ್ನ ಯಾರ ಕೇಳ್ಯಾರ?" ಅಂದಳು. ಕೈ ತೆಗೆಯಲಿಲ್ಲ.