ಅತ್ತೆಯ ಮಾತು ಹೋದ ವರ್ಷ

ನನ್ನ ಸೋದರತ್ತೆ ನಾಲ್ಕು ಭಾಷೆಗಳಲ್ಲಿ ಜಗಳವಾಡಬಲ್ಲವರಾಗಿದ್ದರು. ಉರ್ವದ ಮಾರ್ಕೆಟಿನಲ್ಲಿ ಅವರದ್ದು ತೆಂಗಿನಕಾಯಿ ವ್ಯಾಪಾರ. ಮನೆಯಲ್ಲಿ ತುಳು, ಬಂದರಿನ ವ್ಯಾಪಾರಿಗಳ ಹತ್ತಿರ ಬ್ಯಾರಿ, ಬೇಲಿಯಾಚೆಯ ಕ್ರಿಶ್ಚಿಯನ್ ಬಾಯಮ್ಮನ ಹತ್ತಿರ ಕೊಂಕಣಿ, ಕಚೇರಿಯವರು ಯಾರಾದರೂ ಕಾಯಿ ಕೊಳ್ಳಲು ಬಂದರೆ ಕನ್ನಡ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗಂಡ ತೀರಿಕೊಂಡ ಮೇಲೆ ಮಣ್ಣಗುಡ್ಡದ ನಮ್ಮ ಮನೆಗೆ ಬಂದು, ತಮ್ಮನ ಸಂಸಾರಕ್ಕೆ ಭಾರವಾಗದ ಹಾಗೆ ತಾವೇ ದುಡಿದವರು. ನಾನಾಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರ್. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು ಇದು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಬಾವಿಕಟ್ಟೆಯ ಹತ್ತಿರ ಬಂಗುಡೆ ಮೀನು ಕೊಯ್ಯುತ್ತಿದ್ದರು. ಕತ್ತಿ ಕೈಯಿಂದ ಜಾರಿ ಬಿತ್ತು. ಹೆಕ್ಕಲು ಹೋದರು, ಬಲಗೈ ಮಾತು ಕೇಳಲಿಲ್ಲ. ನಾನು ಓಡಿ ಹೋಗಿ ಎಂತಾಯಿತೆಂದು ಕೇಳಿದೆ. ಬಾಯಿ ಒಂದು ಕಡೆಗೆ ವಾಲಿತ್ತು. ಅತ್ತೆ ಬಹಳ ಕಷ್ಟಪಟ್ಟು, "ಉಂಡು" ಎಂದರು.

ತುಳುವಿನಲ್ಲಿ ಉಂಡು ಅಂದರೆ ಉಂಟು, ಇದೆ ಎಂದರ್ಥ. ತಲೆನೋವು ಇದೆಯೇ? ಉಂಡು. ಹಸಿವೆ? ಉಂಡು. ಹಸಿವೆ ಇಲ್ಲವೇ? ಅದಕ್ಕೂ ಉಂಡು. ತಲೆಯನ್ನು ಅಡ್ಡಡ್ಡ ಆಡಿಸಿ, ಸಿಟ್ಟಿನಿಂದ ಕಣ್ಣು ಕೆಂಪು ಮಾಡಿಕೊಂಡು, ಮತ್ತೂ ಉಂಡು ಎಂದೇ ಹೇಳುತ್ತಿದ್ದರು. ನಾಲ್ಕು ಭಾಷೆಗಳಲ್ಲಿ ಉಳಿದದ್ದು ಆ ಒಂದೇ ಶಬ್ದ.

ನೋಡಲು ಬಂದವರು ದೈವದ ಮುನಿಸು ಎಂದರು. ಬುದ್ಧಿಯೇ ಹೋಗಿದೆ ಎಂದು ಅವರೆದುರೇ ಆಡಿಕೊಂಡರು. ಅಮ್ಮ ಹರಕೆ ಹೇಳಿಕೊಂಡಳು. ಅಪ್ಪ ಹಂಪನಕಟ್ಟೆಯ ಸರಕಾರಿ ಆಸ್ಪತ್ರೆಗೆ ಹೋಗಿ, ಮದ್ರಾಸಿನಲ್ಲಿ ಕಲಿತು ಬಂದಿದ್ದ ಒಬ್ಬ ಯುವ ಡಾಕ್ಟರನ್ನು ಕರೆತಂದರು. ಸೈಕಲ್ಲಿನಲ್ಲಿ ಬಂದ ಡಾಕ್ಟರು ಅತ್ತೆಯ ನಾಡಿ ನೋಡಿದ ಮೇಲೆ, ನಮ್ಮೆಲ್ಲರನ್ನೂ ಸುಮ್ಮನಿರಲು ಹೇಳಿ, "ಕಣ್ಣು ಮುಚ್ಚಿ ಅಮ್ಮ" ಎಂದರು. ಅತ್ತೆ ಮುಚ್ಚಿದರು. "ಕಣ್ಣು ಬಿಟ್ಟು ಎಡಗೈ ಎತ್ತಿ. ದೀಪ ಎಲ್ಲುಂಟು, ತೋರಿಸಿ." ತೋರಿಸಿದರು. "ಈಗ ಮೊದಲು ಬಾಗಿಲು ತೋರಿಸಿ, ಆಮೇಲೆ ನಿಮ್ಮ ಮೂಗು." ಅದನ್ನೂ ಸರಿಯಾಗಿ ತೋರಿಸಿದರು.

ಡಾಕ್ಟರು ನೆಂಟರ ಕಡೆ ತಿರುಗಿದರು. "ಇವರ ಬುದ್ಧಿ ಎಲ್ಲಿಗೂ ಹೋಗ್ಲಿಲ್ಲ. ನೀವು ಹೇಳೋದೆಲ್ಲ ಇವರಿಗೆ ಅರ್ಥ ಆಗ್ತದೆ. ಮಾತಾಡುವಾಗ ನೋಡಿಕೊಂಡು ಮಾತಾಡಿ."

ಅತ್ತೆಯ ಕಣ್ಣಲ್ಲಿ ನೀರು ಬಂತು. ಕೋಣೆ ಖಾಲಿಯಾಯಿತು.

ನನಗೆ ಮಾತ್ರ ತಡೆಯಲಾಗಲಿಲ್ಲ. ಗೇಟಿನವರೆಗೆ ಹಿಂದೆಯೇ ಹೋಗಿ ಕೇಳಿದೆ, "ಅರ್ಥ ಆಗುವುದಾದರೆ ಮಾತು ಯಾಕೆ ಬರುವುದಿಲ್ಲ? ಎರಡೂ ಒಂದೇ ಅಲ್ವಾ?"

"ಒಂದೇ ಅಲ್ಲ ಟೀಚರ್. ನಿಮಗೆ ನೋಡುವ ಧೈರ್ಯ ಉಂಟಾ?"

ಮುಂದಿನ ವಾರ ಅವರು ಬಾಳೆಎಲೆಯಲ್ಲಿ ಸುತ್ತಿಕೊಂಡು ಬಂದದ್ದು ಕಸಾಯಿಯ ಅಂಗಡಿಯಿಂದ ತಂದ ಆಡಿನ ಮಿದುಳು. ಮನೆಯಲ್ಲಿ ಮಾಂಸ ತಿನ್ನುವವರೇ ಆದರೂ ಅಮ್ಮ ನನಗೆ, "ಜಗಲಿಯಿಂದ ಒಳಗೆ ತರಬೇಡ ಮಾರಾಯ್ತಿ" ಎಂದಳು. ಜಗಲಿಯಲ್ಲೇ ಕುಳಿತು ನೋಡಿದೆವು. ಮುಷ್ಟಿಗಿಂತ ಚಿಕ್ಕದು, ಮಾಸಲು ಬಿಳಿ ಬಣ್ಣ, ಮೈಯೆಲ್ಲ ಸುಕ್ಕು, ನಡುವೆ ಸೀಳು. ಮನುಷ್ಯರದ್ದು ಇದಕ್ಕಿಂತ ಎಷ್ಟೋ ದೊಡ್ಡದು, ಸುಕ್ಕುಗಳೂ ಹೆಚ್ಚು ಎಂದರು. ಸುಕ್ಕುಗಳೆಲ್ಲ ನೋಡಲು ಒಂದೇ ತರಹ, ಕೆಲಸ ಬೇರೆ ಬೇರೆ. ಎಡಭಾಗ ಬಲಗೈಯನ್ನು ಆಡಿಸುತ್ತದೆ, ಬಲಭಾಗ ಎಡಗೈಯನ್ನು. ಕಾಣುವ ಕೆಲಸ ಹಿಂದಲೆಯದ್ದು. ಆಮೇಲೆ ತಮ್ಮ ಹಣೆಯ ಎಡಮಗ್ಗುಲು, ಕಿವಿಗಿಂತ ಸ್ವಲ್ಪ ಮುಂದೆ ಬೆರಳಿಟ್ಟರು.

"ಹೆಚ್ಚಿನವರಿಗೆ ಮಾತು ಕಟ್ಟುವ ಜಾಗ ಇಲ್ಲಿ. ಬಲಗೈಯನ್ನೂ ಬಾಯಿಯನ್ನೂ ಆಡಿಸುವ ಜಾಗ ಇದಕ್ಕೆ ತಾಗಿಕೊಂಡೇ ಉಂಟು. ಒಂದು ರಕ್ತನಾಳ ಕಟ್ಟಿದರೆ ಎರಡೂ ಒಟ್ಟಿಗೆ ಹೋಗ್ತವೆ. ಅರ್ಥ ಮಾಡಿಕೊಳ್ಳುವ ಜಾಗ ಕಿವಿಯ ಹಿಂದೆ. ನಿಮ್ಮ ಅತ್ತೆಯದ್ದು ಅದು ಉಳಿದಿದೆ."

"ಹಾಗಾದರೆ ತುಳು ಎಲ್ಲುಂಟು? ಕೊಂಕಣಿ ಎಲ್ಲಿ?"

ಅವರು ನಕ್ಕರು. "ನಾನು ಓದಿದ ಪುಸ್ತಕಗಳಲ್ಲಿ ಅದಕ್ಕೆ ಉತ್ತರ ಸಿಕ್ಕಲಿಲ್ಲ. ನೀವು ಗಮನಿಸಿ. ಯಾವುದು ಮೊದಲು ಬರ್ತದೆ, ನನಗೂ ಹೇಳಿ."

ತಾಯಿನುಡಿಯಲ್ಲವೇ, ತುಳುವೇ ಮೊದಲು ಬರುತ್ತದೆ ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆ. ದಿನವೂ ಶಾಲೆಯಿಂದ ಬಂದು ಲೋಟ, ಚೊಂಬು, ಬಾಳೆಹಣ್ಣು ಹಿಡಿದು ಹೆಸರು ಕೇಳುತ್ತಿದ್ದೆ. ಅತ್ತೆ ಲೋಟವನ್ನು ದಿಟ್ಟಿಸಿ, ತುಟಿ ಜೋಡಿಸಿ, ಬೆವರಿ, ಕೊನೆಗೆ ಉಂಡು ಎಂದು ಮುಖ ತಿರುಗಿಸಿಬಿಡುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಬೇಲಿಯಾಚೆಯ ಬಾಯಮ್ಮ ಗಂಜಿ ತಂದಳು. ವರ್ಷಗಟ್ಟಲೆ ಕೋಳಿಯ ವಿಷಯದಲ್ಲಿ ಅತ್ತೆಯೊಡನೆ ಕಚ್ಚಾಡಿದವಳು ಈಗ ಅವರ ಪಕ್ಕ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವಳ ಹೇಂಟೆಯೊಂದು ಬೇಲಿ ನುಸುಳಿ ಬಂದು ನಮ್ಮ ಹರಿವೆ ಪಾತಿ ಕೆರೆಯಲು ತೊಡಗಿತು. ಕಿಟಕಿಯಿಂದ ಅದನ್ನು ಕಂಡದ್ದೇ ತಡ, ಅತ್ತೆ ಎಡಗೈ ಚಾಚಿ, "ತುಜೆಂ ಕುಂಕಡ್!" ಎಂದು ಕೂಗಿದರು. ನಿನ್ನ ಕೋಳಿ ಎಂದು! ಅದರ ಬಾಲಕ್ಕೆ ಅಂಟಿಕೊಂಡು ಒಂದು ಸೊಗಸಾದ ಬೈಗುಳವೂ ಬಂತು. ಅದನ್ನು ನಾನು ಇಲ್ಲಿ ಬರೆಯಲಾರೆ.

ಬಾಯಮ್ಮ ಗಂಜಿಯ ಪಾತ್ರೆ ಕೆಳಗಿಟ್ಟಳು. ಆಮೇಲೆ ಅತ್ತೆಯನ್ನು ತಬ್ಬಿಕೊಂಡು, "ಇನ್ನೊಮ್ಮೆ ಬೈಯಿ, ಇನ್ನೊಮ್ಮೆ ಬೈಯಿ" ಎಂದು ಕೊಂಕಣಿಯಲ್ಲಿ ಅಂಗಲಾಚಿದಳು. ಅತ್ತೆ ಪ್ರಯತ್ನಪಟ್ಟರು. ಬೇಕೆಂದು ಪ್ರಯತ್ನಿಸಿದಾಗ ಬರಲಿಲ್ಲ.

ಡಾಕ್ಟರಿಗೆ ಹೇಳಿದಾಗ ಕುರ್ಚಿಯಿಂದ ಎದ್ದೇಬಿಟ್ಟರು. ತಾನಾಗಿ ಬರುವ ಮಾತು ಬೇರೆ, ಕಟ್ಟಿ ಆಡುವ ಮಾತು ಬೇರೆ. ಬೈಗುಳ, ಪ್ರಾರ್ಥನೆ, ಹಾಡು ಇಂಥವನ್ನು ಮಿದುಳಿನ ಬಲಭಾಗವೂ ಸಂಭಾಳಿಸಬಲ್ಲದು ಎಂದು ಕೆಲವರ ಊಹೆ, ಖಂಡಿತವಾಗಿ ಯಾರಿಗೂ ಗೊತ್ತಿಲ್ಲ ಎಂದು ವಿವರಿಸಿದರು.

ಹಾಡು ಎಂದ ಮಾತು ನನ್ನನ್ನು ಬಿಡಲಿಲ್ಲ. ಅತ್ತೆ ಹುಡುಗಿಯಾಗಿದ್ದಾಗ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟವರು. ಅಮ್ಮನಿಗೆ ಹೇಳಿ ನಾಟಿಯ ಹಾಡೊಂದನ್ನು ಗುನುಗಿಸಿದೆ. ಎರಡನೆಯ ಸಾಲಿಗೆ ಅತ್ತೆಯ ದನಿ ಸೇರಿತು. ಶಬ್ದಗಳು ಸ್ಪಷ್ಟವಾಗಿದ್ದವು, ಒಂದೂ ತಪ್ಪಿರಲಿಲ್ಲ. ಹಾಡು ನಿಂತ ಕೂಡಲೇ ಬಾಯಿ ಮತ್ತೆ ಕಟ್ಟಿತು. ಆಗ ನಾನು ಅದೇ ಧಾಟಿಯಲ್ಲಿ "ನೀರ್ ಕೊರ್ಲ" ಎಂದು ಸೇರಿಸಿ ಹಾಡಿದೆ; ನೀರು ಕೊಡು ಎಂದರ್ಥ. ಅತ್ತೆ ನನ್ನ ಮುಖ ನೋಡುತ್ತ ಹಿಂದಿನಿಂದಲೇ ಹಾಡಿದರು. ಕೊಟ್ಟೆ, ಕುಡಿದರು. ಮತ್ತೆ ಹಾಡಿದರು, ಮತ್ತೆ ಕೊಟ್ಟೆ. ಬಾಯಾರಿಕೆಯಿಲ್ಲದಿದ್ದರೂ ಆ ಸಂಜೆ ಅತ್ತೆ ಚೊಂಬು ಖಾಲಿ ಮಾಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಧಾಟಿ ತೆಳ್ಳಗಾಗುತ್ತ ಬಂದು, ತುಂಡು ತುಂಡು ತುಳು ಉಳಿಯಿತು. ಅದರ ಹಿಂದೆ ಕೊಂಕಣಿ ಬಂತು, ಕನ್ನಡ ಒಂದಿಷ್ಟು ಬಂತು. ಬ್ಯಾರಿ ಬರಲೇ ಇಲ್ಲ. ಬಂದರಿನವರು ಆಡಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತುಳುವಿನಲ್ಲಿ. ಬಲಗೈಗೆ ಶಕ್ತಿ ಮರಳಲಿಲ್ಲ. ಎಡಗೈಯಲ್ಲಿ ಕಾಯಿ ತಟ್ಟಿ ಸದ್ದು ಕೇಳಿ ಆರಿಸುವುದನ್ನು ಕಲಿತು, ಅತ್ತೆ ಮತ್ತೆ ಮಾರ್ಕೆಟಿನಲ್ಲಿ ಕುಳಿತರು.

ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಮುನ್ನ ಅತ್ತೆಯನ್ನು ನೋಡಲು ಬಂದವರು ಕೇಳಿದರು, "ಮಾತು ಇಲ್ಲದಾಗ ಒಳಗೆ ಹೇಗಿತ್ತಮ್ಮ?"

ಅತ್ತೆ ನಿಧಾನವಾಗಿ ಶಬ್ದ ಹುಡುಕಿದರು. "ಎಲ್ಲ ಗೊತ್ತಿತ್ತು. ಬಾಯಿ... ಬೇರೆಯವರದ್ದು."

"ಯೋಚನೆ ಯಾವ ಭಾಷೆಯಲ್ಲಿ ಮಾಡ್ತಿದ್ರಿ? ತುಳುವಾ?"

ಅತ್ತೆ ಅಡ್ಡಡ್ಡ ತಲೆಯಾಡಿಸಿದರು. "ಭಾಷೆ ಇರಲಿಲ್ಲ. ಸುಮ್ಮನೆ... ಕಾಣ್ತಿತ್ತು."

ಡಾಕ್ಟರನ್ನು ಬೀಳ್ಕೊಡಲು ನಾನೂ ಹೊರಗೆ ಬಂದೆ. ಗೇಟಿನ ಹತ್ತಿರ ಅವರು ಸೈಕಲ್ ಹಿಡಿದು ನಿಂತೇ ಇದ್ದರು. ಭಾಷೆಯಿಲ್ಲದೆ ಯೋಚನೆ ಸಾಧ್ಯವೇ ಎಂದು ನಾನು ಕೇಳಿದೆ. ಅವರು ಇರಬಹುದು ಎಂದರು, ಇರಲಾರದು ಎಂದೂ ಹೇಳಿದರು. ಅಮ್ಮ ಚಹಾ ಮಾಡಿ ಒಳಗಿನಿಂದ ಕರೆದಾಗ ಇಬ್ಬರೂ ಮತ್ತೆ ಜಗಲಿಗೆ ಬಂದು ಕುಳಿತೆವು.