ಏಳು ಕೊಳ್ಳದ ನೀರಿನ ಅರ್ಥ

ಬಸಗೊಂಡಪ್ಪ ಜಂಬದ ಮನುಷ್ಯ. ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ. ಅರವತ್ತೆಂಟು ವರ್ಷದ ಬಾಳಿನಲ್ಲಿ ಅವನು ಯಾರನ್ನಾದರೂ ಏನನ್ನಾದರೂ ಕೇಳಿ ತಿಳಿದುಕೊಂಡದ್ದನ್ನು ಬನಹಟ್ಟಿಯಲ್ಲಿ ಕಂಡವರಿಲ್ಲ.

ಕುರಿ ಮಾರಿದ ಮೇಲೆ ಅವನಿಗೆ ಉಳಿದದ್ದು ಡೊಳ್ಳಿನ ಪದ. ಅದರಲ್ಲಿ ಸವಾಲು ಇರುತ್ತದೆ. ಒಂದು ಮೇಳ ಪುರಾಣದ ಸಂಗತಿಯನ್ನು ಮುಚ್ಚಿಟ್ಟು ಹಾಡುತ್ತದೆ. ಎದುರಿನ ಮೇಳ ಅದನ್ನು ಬಿಡಿಸಿ ಹಾಡಿನಲ್ಲೇ ಉತ್ತರ ಕೊಡಬೇಕು. ಮೂರು ಕಾಲಿನ ಎತ್ತು ಎಂದರೆ ಯಾವ ಯುಗ, ಒಂದು ಹೆಡೆಯ ಮೇಲೆ ನಿಂತ ಮನೆ ಯಾವುದು, ಎಲ್ಲದಕ್ಕೂ ಬಸಗೊಂಡಪ್ಪನ ಹತ್ತಿರ ಉತ್ತರ ಸಿದ್ಧ. ಮುಧೋಳ, ಬೀಳಗಿಯ ಮೇಳಗಳು ಅವನ ಎದುರು ನಿಲ್ಲಲು ಹಿಂಜರಿಯುತ್ತಿದ್ದವು. ಚಹಾದ ಅಂಗಡಿಯಲ್ಲಿ ಕೇಳಿದ ಸಿನಿಮಾ ಹಾಡನ್ನೂ ಅವನು ಬಿಡುತ್ತಿರಲಿಲ್ಲ. ನಾಯಕಿಯ ಸೆರಗಿನಲ್ಲಿ ಅವನಿಗೆ ಆದಿಶಕ್ತಿ ಕಾಣುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅವನ ತಂಗಿ ಸಾತವ್ವನಿಗೆ ಲಕ್ವಾ ಹೊಡೆಯಿತು. ಗಂಡ ಸತ್ತ ಮೇಲೆ ಅವಳು ಮಗಳು ಲಕ್ಷ್ಮವ್ವನೊಂದಿಗೆ ಅಣ್ಣನ ಮನೆಯಲ್ಲೇ ಇದ್ದಳು. ಬಲಗೈ ಹೋಯಿತು, ಮಾತು ಹೋಯಿತು. ಹತ್ತು ದಿನಗಳ ನಂತರ ಒಂದು ಹಾಡಿನ ತುಣುಕು ಮಾತ್ರ ಬಂತು, ರಾಗಸಮೇತ:

"ಏಳು ಕೊಳ್ಳದ ನೀರ ಒಂದ ಕೊಡದಾಗ ತುಂಬೀನಿ, ನಡುದಾರ್‍ಯಾಗ ಇಳಿಸೀನಿ ನನ್ನವ್ವಾ."

ಹಸಿದಾಗಲೂ ಅದೇ, ಉಂಡ ಮೇಲೂ ಅದೇ. ಹಾಡಿ ಮುಗಿಸಿ, ಎದುರಿಗಿದ್ದವರ ಬಟ್ಟೆಯನ್ನು ಎಡಗೈಯಿಂದ ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು. ಏನನ್ನೋ ಕೇಳುತ್ತಿದ್ದಾಳೆ ಎಂಬುದಷ್ಟೇ ಸ್ಪಷ್ಟ. ಮಾತಿಗೂ ಹಾಡಿಗೂ ತಲೆಯಲ್ಲಿ ಬೇರೆ ಬೇರೆ ಜಾಗ, ಹಾಡಿನ ಶಬ್ದಕ್ಕೂ ಅವಳ ಬೇಡಿಕೆಗೂ ಸಂಬಂಧ ಇರಲೇಬೇಕೆಂದಿಲ್ಲ ಎಂದು ಜಮಖಂಡಿಯ ಡಾಕ್ಟರು ತಿಳಿಸಿ ಹೇಳಿದರು.

"ಡಾಕ್ಟರ್‌ಗ ಪದ ಏನ್ ತಿಳೀತೈತಿ?" ಎಂದ ಬಸಗೊಂಡಪ್ಪ. "ನನ್ನ ತಂಗಿ ಸವಾಲ್ ಹಾಕ್ಯಾಳ. ನಾ ಬಿಡಸ್ತೇನಿ."

ಕುರುಬರ ದೇವರು ಬೀರಪ್ಪನನ್ನು ಕೂಸಿದ್ದಾಗ ಅವನ ಅಕ್ಕ ಮಾಯವ್ವ ಹೊತ್ತು ತಂದ ದಾರಿ ಅದು, ಯಾವುದೋ ಹರಕೆ ಅರ್ಧಕ್ಕೆ ನಿಂತಿದೆ ಎಂದು ಮೊದಲ ಅರ್ಥ ಹೇಳಿದ. ಲಕ್ಷ್ಮವ್ವ ಏಳು ಬಾವಿಯ ನೀರು ಹೊತ್ತು ಬೀರಪ್ಪನ ಗುಡಿಯ ಮೆಟ್ಟಿಲಿಗೆ ಸುರಿದು ಬಂದಳು. ಸಾತವ್ವ ಮಗಳ ಒದ್ದೆ ಸೆರಗು ಹಿಡಿದು ಮತ್ತೆ ಹಾಡಿದಳು.

ಕೊಡ ಎಂದರೆ ದೇಹ, ಏಳು ಕೊಳ್ಳ ಎಂದರೆ ಸಪ್ತಧಾತು, ಇಳಿಸುವುದೆಂದರೆ ಹೊರಡುವುದು ಎಂದು ಎರಡನೆಯ ಅರ್ಥ. ಕೊನೆಯ ಸಲ ಮುಖ ನೋಡಲು ಮಹಾಲಿಂಗಪುರದಿಂದ ಬೀಗರು ಬಂದರು. ಸಾತವ್ವ ಒಬ್ಬೊಬ್ಬರ ಮುಖವನ್ನೂ ನೋಡಿ ಹಾಡಿದಳು. ಎರಡು ದಿನ ಕಾದ ಮುದುಕಿಯೊಬ್ಬಳು, "ಇಕಿ ನಮ್ನೆಲ್ಲಾ ಕಳಿಸೇ ಹೋಗಾಕಿ, ನಡೀರಿ" ಎಂದು ಗಂಟು ಕಟ್ಟಿದಳು.

ಆಮೇಲೆ ಸಪ್ತಮಾತೃಕೆಯರು ಬಂದರು, ಏಳು ಲೋಕಗಳು ಬಂದವು. ಅರ್ಥ ಸಿಕ್ಕಾಗಲೆಲ್ಲ ಬಸಗೊಂಡಪ್ಪನ ದನಿ ಏರುತ್ತಿತ್ತು. ಸಾತವ್ವನ ಹಿಡಿತ ಸಡಿಲಾಗುತ್ತಿತ್ತು. ಯುಗಾದಿಯ ಹೊತ್ತಿಗೆ ಅವಳು ಗೋಡೆಯ ಕಡೆ ಹೊರಳಿ ಹಾಡತೊಡಗಿದಳು.

"ಮಾಮಾ, ತೇರದಾಳದ ಅಪ್ಪಾಸಾಬರ್ನ ಕೇಳೋಣೇನ್ರಿ?" ಎಂದಳು ಲಕ್ಷ್ಮವ್ವ. "ಅವರಿಗೂ ಹಳೀ ಪದ ಬರ್ತಾವಂತ."

"ಆ ಅಪ್ಪಾಸಾಬನ್ನ? ಡೊಳ್ಳಿಗೆ ಎಷ್ಟ ಮಗ್ಗಲ ಅದಾವು ಅನ್ನೂದೂ ಅವಂಗ ಗೊತ್ತಿಲ್ಲ. ಇಪ್ಪತ್ತ ವರ್ಷ ನನ್ನ ಮುಂದ ಸೋತಾಂವ."

"ಸೋಲಲಿ ಬಿಡ್ರಿ. ಈ ಪದದಾಗ ನೀವೇನ್ ಗೆದ್ದೀರಿ?"

ಅವನು ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಒಂದು ವಾರ ಕಳೆಯಿತು. ಮಧ್ಯಾಹ್ನ ಕರೆಂಟು ಹೋಗಿ ಪಕ್ಕದ ಮನೆಯ ಮಗ್ಗಗಳು ನಿಂತಾಗ ಸಾತವ್ವನ ದನಿ ಕೇಳಿಸಿತು. ಗೋಡೆಗೆ ಹಾಡಿ ಮುಗಿಸಿದಳು. ಕೈ ಚಾಚಲಿಲ್ಲ. ಯಾರಿಗೂ ಕಾಯಲಿಲ್ಲ. ಬಸಗೊಂಡಪ್ಪ ಊಟ ಮಾಡುತ್ತಿದ್ದ. ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದ.

"ಲಕ್ಷ್ಮವ್ವಾ, ಅಪ್ಪಾಸಾಬಗ ಫೋನ್ ಹಚ್ಚು."

ಅವಳು ಹಚ್ಚಿ ಕೊಟ್ಟಳು.

"ನಾನಪಾ, ಬನಹಟ್ಟಿ ಬಸಗೊಂಡ. ಒಂದ ಪದ ಐತಿ. ನನಗ ತಿಳೀವಲ್ತು."

"ಏನಂದಿ? ಇನ್ನೊಮ್ಮೆ ಅನ್ನು," ಎಂದಿತು ಆ ಕಡೆಯ ದನಿ, ನಗು ತಡೆಯುತ್ತ.

"ತಿಳೀವಲ್ತು ಅಂದ್ನೆಪಾ."

ಆ ಕಡೆ ನಗು ನಿಂತಿತು. ಬಸಗೊಂಡಪ್ಪ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಗೋಡೆಗೂ ತಂಗಿಯ ಮುಖಕ್ಕೂ ನಡುವೆ ಕೈ ತೂರಿಸಿ, ಮೊಬೈಲನ್ನು ಅವಳ ತುಟಿಯ ಹತ್ತಿರ ಹಿಡಿದ.