ಅಬ್ಬಾರ ಮುಖವನ್ನಷ್ಟೇ ತೋರಿಸುತ್ತಿದ್ದ ಫೋನು

ಹಾಲು ಉಕ್ಕಿತೆಂದು ಅಮ್ಮಿ ವಿಡಿಯೋ ಕಾಲ್ ನಡುವೆಯೇ ಫೋನನ್ನು ಕಿಟಕಿಗೆ ಒರಗಿಸಿಟ್ಟು ಅಡುಗೆಮನೆಗೆ ಓಡಿದರು. ಆಗ ಕಂಡಿತು: ಹೊರಸಿನ ಮೇಲೆ ಮಲಗಿದ್ದ ಅಬ್ಬಾರ ಬಲಗಾಲಿಗೆ ಮೊಣಕಾಲಿನವರೆಗೂ ಪ್ಲಾಸ್ಟರ್!

ನಾನು ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ದಿನವೂ ಅಂಥ ಕಾಲುಗಳನ್ನೇ ನೋಡುವವಳು. ಅತ್ತ ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ನನ್ನ ತಂದೆಯೇ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ತಿಂಗಳಾಗುತ್ತ ಬಂದಿದ್ದರೂ ನನಗೆ ಸುದ್ದಿಯೇ ಇಲ್ಲ! ಫೋನಿನಲ್ಲಿ ಅವರ ಮುಖವೊಂದನ್ನೇ ತೋರಿಸಿ "ಎಲ್ಲಾ ಆರಾಮ" ಎನ್ನುತ್ತಿದ್ದರು. ಓಣಿಗೆಲ್ಲ ಗೊತ್ತಿತ್ತಂತೆ.

ಅಮ್ಮಿ ಮರಳಿ ಬಂದೊಡನೆ ಕೂಗಾಡಿದೆ.

"ನಿನಗ ಹೇಳಿ ಏನ್ ಮಾಡೂದಿತ್ತ ಬೇಟಾ? ಅಲ್ಲಿ ಒಬ್ಬಾಕಿನೇ ಕುಂತು ಅಳ್ತಿದ್ದಿ," ಎಂದರು.

"ಅಳಾಕರ ಬಿಡ್ರಿ ಅಮ್ಮಿ! ನಾ ಏನ್ ಬೀಗರ ಮನಿಯಾಕಿ ಏನ್ರಿ, ಬರೇ ಚಲೋ ಸುದ್ದಿ ಅಷ್ಟ ಹೇಳಾಕ?" ಎಂದು ಸಿಟ್ಟಿನಿಂದ ಫೋನ್ ಇಟ್ಟುಬಿಟ್ಟೆ.

ಮರುದಿನ ಸಂಜೆ ಅಬ್ಬಾ ತಾವೇ ಫೋನ್ ಮಾಡಿದರು. "ಪ್ಲಾಸ್ಟರ್ ಒಳಗ ಭಾಳ ತುರಸಾಕತ್ತದ ಬೇಟಾ. ನಿಮ್ಮ ಅಮ್ಮಿ ಒಂದು ಕಡ್ಡಿನೂ ಕೊಡವಲ್ಲಳು!"

"ಕಡ್ಡಿ ಗಿಡ್ಡಿ ಹಾಕಬ್ಯಾಡ್ರಿ, ಗಾಯ ಆಗ್ತದ!" ಎಂದು ಗದರಿದೆ.

ಅಂದಿನಿಂದ ಅಬ್ಬಾರ ದೂರುಗಳಿಗೆ ಕೊನೆಯೇ ಇಲ್ಲ. ಸಾರಿಗೆ ಉಪ್ಪಿಲ್ಲ, ಅಮ್ಮಿ ಹೊರಗೆ ಬಿಡುವುದಿಲ್ಲ, ಸೊಳ್ಳೆ ಕಾಟ. ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ, ರೇಗುತ್ತೇನೆ. ಆದರೆ ರೇಗುವಷ್ಟು ಹೊತ್ತು ನಾನು ಮಸ್ಕತ್‌ನಲ್ಲಿದ್ದೇನೆ ಎಂಬುದೇ ಮರೆತುಹೋಗಿರುತ್ತದೆ.